ಕುರ್ಚಿಯಲ್ಲಿ ಕೂತು ನೋಡಿದ ಬಿಪಿ

ಅಂಬೇವಾಡಿಯ ನಮ್ಮ ಮನೆಗೆ ಬಿಪಿ ಮಷೀನು ತಂದವನು ನಾನು. ಮಿಲ್ಲಿನಿಂದ ನಿವೃತ್ತನಾದ ಮೇಲೆ ಮನೆಮಂದಿಯ ಬಿಪಿ ನೋಡುವುದೇ ನನ್ನ ಹೊಸ ಹುದ್ದೆಯಾಗಿತ್ತು. ಆ ದೊಡ್ಡಸ್ತಿಕೆ ನೆನೆದರೆ ಈಗ ಹೇಸಿಗೆಯಾಗುತ್ತದೆ.

ತಮ್ಮನ ಹೆಂಡತಿಗೆ ಬಿಪಿ ಇತ್ತು. ನಮ್ಮಲ್ಲಿ ಗಂಡನ ಅಣ್ಣನ ಎದುರು ಹೆಂಗಸರು ಕೂರುವುದಿಲ್ಲ. ಆ ಅಣ್ಣನೂ ಅವರನ್ನು ಮುಟ್ಟುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಆಕೆ ತಲೆ ಮೇಲೆ ಸೆರಗು ಹೊದ್ದು, ತಾನೇ ತೋಳಿಗೆ ಪಟ್ಟಿ ಸುತ್ತಿಕೊಂಡು, ಕೈ ಇಳಿಬಿಟ್ಟು ನಿಲ್ಲುತ್ತಿದ್ದಳು. ನಾನು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಗುಂಡಿ ಒತ್ತುತ್ತಿದ್ದೆ. ಅಂಕಿ ದಿನಾ ಹೆಚ್ಚೇ.

"ಉಪ್ಪಿನಕಾಯಿ ಬಿಡಂದ್ರ ಬಿಡೂದಿಲ್ಲ," ಎಂದು ಆಕೆಗೆ ಕೇಳಿಸುವಂತೆ ತಮ್ಮನಿಗೆ ಹೇಳುತ್ತಿದ್ದೆ. ಆಕೆ ಬಿಟ್ಟು ಆಗಲೇ ತಿಂಗಳುಗಳಾಗಿದ್ದವಂತೆ. ನಾನು ಬರೆದುಕೊಟ್ಟ ಅಂಕಿ ನೋಡಿ ಡಾಕ್ಟರು ಗುಳಿಗೆ ಹೆಚ್ಚಿಸಿದರು.

ವಾರದೊಳಗೆ, ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದವಳು ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಬಾಗಿಲ ಚೌಕಟ್ಟು ಬಡಿದು ಹಣೆ ಒಡೆಯಿತು.

ಹಳಿಯಾಳದ ದವಾಖಾನೆಯಲ್ಲಿ ಹೊಲಿಗೆ ಹಾಕಿದ ಮೇಲೆ ಸಿಸ್ಟರ್ ಆಕೆಯನ್ನು ಮಲಗಿಸಿ ಒಮ್ಮೆ, ಹಿಡಿದು ನಿಲ್ಲಿಸಿ ಇನ್ನೊಮ್ಮೆ ಬಿಪಿ ನೋಡಿದಳು. ನಿಂತಾಗ ಅಂಕಿ ದಡಕ್ಕನೆ ಇಳಿಯಿತು.

"ಗುಳಿಗಿ ಜಾಸ್ತಿ ಆಗೇತ್ರಿ. ಮನ್ಯಾಗ ಬಿಪಿ ಹೆಂಗ ನೋಡ್ತಿದ್ರಿ?"

"ನಿಲ್ಲಿಸಿ," ಎಂದೆ.

"ಕೈ?"

"ಕೆಳಗ ಬಿಟ್ಟಿರತಿದ್ಲು."

"ಕೈ ಜೋತು ಬಿಟ್ರ ಇದ್ದದ್ದಕ್ಕಿಂತ ಹೆಚ್ಚಿಗಿ ತೋರಸ್ತೈತ್ರಿ. ಕುಂದರಸಿ, ಕೈ ಎದಿ ಮಟ್ಟಕ್ಕ ಟೇಬಲ್ ಮ್ಯಾಲ ಇಡಸ್ಬೇಕು. ಮನ್ಯಾಗ ಕುರ್ಚಿ ಇಲ್ಲೇನ್ರಿ?"

ಇತ್ತು. ಅದರಲ್ಲಿ ನಾನು ಕೂತಿದ್ದೆ. ತಮ್ಮನ ಹೆಂಡತಿಯ ಮುಖ ನೋಡಲಾಗದೆ ನೆಲ ನೋಡಿದೆ.

ಡಾಕ್ಟರು ಗುಳಿಗೆ ಮೊದಲಿನಷ್ಟೇ ಮಾಡಿ, ದಿನಾ ಸರಿಯಾಗಿ ಬಿಪಿ ನೋಡಲು ಹೇಳಿದರು. ಮರುದಿನ ಬೆಳಿಗ್ಗೆ ನಾನು ಎದ್ದು ನಿಂತು, "ಕುಂದ್ರವಾ," ಎಂದು ಕುರ್ಚಿ ತೋರಿಸಿದೆ. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಆಕೆ ಗಂಡನ ಮುಖ ನೋಡಿ, ನೆಲದ ಮೇಲೆ ಕೂತಳು. ಒತ್ತಾಯ ಮಾಡಿದ ಮೇಲೆ ಕುರ್ಚಿಯ ತುದಿಗೆ ಕೂತು, ಸೆರಗು ಇನ್ನಷ್ಟು ಮುಂದೆಳೆದುಕೊಂಡು, ಕೈ ಟೇಬಲ್ ಮೇಲಿಟ್ಟಳು. ಅಂಕಿ ಎಂದಿಗಿಂತ ಮೇಲೆ ಹೋಯಿತು.

ತಮ್ಮ ಬಗ್ಗಿ ಅಂಕಿ ನೋಡಿದ. ಆಮೇಲೆ ಮೆಲ್ಲಗೆ, "ಅಣ್ಣಾ, ನೀ ಒಂದೀಟು ಹೊರಗ ಹೋಗು," ಎಂದ.

ಹೋಗಿ ಕಟ್ಟೆಯ ಮೇಲೆ ಕೂತೆ. ಐದು ನಿಮಿಷ ಬಿಟ್ಟು ತಮ್ಮ ಒಳಗಿನಿಂದ ಅಂಕಿ ಓದಿ ಹೇಳಿದ. ಬರಬೇಕಾದಷ್ಟೇ ಬಂದಿತ್ತು.

ಈಗ ದಿನಾ ಆ ಹೊತ್ತಿಗೆ ನಾನೇ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತೇನೆ.