ಹುಣಸೆಮರದಡಿಯ ಬಲೆ

ಕೊಕ್ಕರೆ ಬೆಳ್ಳೂರಿಗೆ ಕೊಟ್ಟ ನಮ್ಮಕ್ಕನ ಹಿತ್ತಲಲ್ಲೊಂದು ಹಳೆಯ ಹುಣಸೆಮರವಿದೆ. ಅದರ ಹಣ್ಣು ಮನೆಯವರಿಗೆ ದಕ್ಕಿದ್ದು ಕಡಿಮೆ, ಮರ ವರ್ಷವರ್ಷವೂ ಮರಿಮಾಡಲು ಬರುವ ಕೊಕ್ಕರೆಗಳದ್ದು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಎಬ್ಬಿಸಿ ಯಾರಾದರೂ ಹಣ್ಣು ಬಡಿಯುತ್ತಾರೆಯೇ ಎನ್ನುವುದು ಆ ಊರಿನ ಮಾತು. ರೆಕ್ಕೆ ಬಲಿಯದ ಮರಿ ಗೂಡಿನಿಂದ ಜಾರಿದರೆ ನೆಲಕ್ಕೆ ಬಡಿಯದಿರಲೆಂದು ಮರದ ಕೆಳಗೆ ಆಳೆತ್ತರದಲ್ಲಿ ಬಲೆ ಕಟ್ಟುತ್ತಾರೆ.

ಅಕ್ಕ ಯಾವ ಕೆಲಸ ಮಾಡಿದರೂ ಬಿಗಿ. ಬಲೆಯನ್ನೂ ಮಂಚದ ನವಾರಿನಂತೆ ಎಳೆದು ಕಟ್ಟುವವಳು. ಹೋದ ವರ್ಷ ಅದರ ಮೇಲೆ ಬಿದ್ದ ಮರಿ ಪುಟಿದು, ಆಚೆಯ ಒಗೆಯುವ ಕಲ್ಲಿಗೆ ಬಡಿದು ಸತ್ತಿತು. ಅವತ್ತು ಅಕ್ಕ ಉಣ್ಣಲಿಲ್ಲ.

ಈ ಸಲ ಯುಗಾದಿ ಕಳೆದ ಮೇಲೆ ನಾನು ಮಗಳೊಡನೆ ಹೋದಾಗ, ಗಾಳಿಗೆ ವಾಲಿದ ಗೂಡಿನ ಅಂಚಿನಲ್ಲಿ ಮತ್ತೊಂದು ಮರಿ ಓಲಾಡುತ್ತಿತ್ತು. ಮಗಳು ಮಳವಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಮೇಡಮ್ಮಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

“ಈ ಭೂಮ್ತಾಯಿಗೆ ಅದೇನಾಸೆಯೋ ಕಣವ್ವ, ಜಾರಿದ್ದನ್ನೆಲ್ಲ ತನ್ನತ್ರಕ್ಕೇ ಎಳ್ಕತಾಳೆ,” ಎಂದಳು ಅಕ್ಕ.

“ಅವ್ಳೊಬ್ಳೇ ಎಳಿಯಾಕಿಲ್ಲ ಅತ್ತೆ,” ಎಂದಳು ಮಗಳು. “ಅವ್ಳು ಮರೀನ ಎಷ್ಟು ಎಳೀತಾಳೋ, ಮರೀನೂ ಅವ್ಳನ್ನ ಅಷ್ಟೇ ಎಳೀತದೆ. ಅವ್ಳ ಮೈಭಾರಕ್ಕೆ ಅದು ಗೊತ್ತಾಗಲ್ಲ, ಅಷ್ಟೆ.”

“ಅಂಗಾರೆ ಅವ್ಳೂ ಒಸಿ ಎದ್ದು ಬತ್ತಾಳೆ ಅನ್ನು!”

“ಬತ್ತಾಳೆ, ಕಣ್ಣಿಗೆ ಕಾಣದಷ್ಟು. ಅದು ಸಾಲಾಕಿಲ್ಲ. ಮಿಕ್ಕಿದ್ದ ನಿನ್ ಬಲೆ ಮಾಡ್ಬೇಕು. ಸಡಿಲ ಬುಡು ಅದ್ನ. ಬೀಳೋ ಕೂಸನ್ನ ಯಾರಾದ್ರೂ ಕೈ ಸೆಟೆಸ್ಕಂಡು ಹಿಡೀತಾರಾ? ಕೂಸಿನ ಜೊತೆ ಮಡಿಲೂ ಇಳೀಬೇಕು.”

ಅಕ್ಕ ನನ್ನತ್ತ ತಿರುಗಿದಳು. “ನೋಡ್ಲಾ, ಮೂರು ಹೆತ್ತ ನಂಗೇ ಮಡ್ಲು ಹೇಳ್ಕೊಡ್ತಾಳೆ ನಿನ್ ಮಗ್ಳು!” ಹಾಗೆಂದರೂ ಗಂಟು ಬಿಚ್ಚಿದವಳು ಅವಳೇ.

ಜೋತುಬಿದ್ದ ಬಲೆ ಕಂಡು ಪಕ್ಕದ ಮನೆಯಾಕೆ, “ಏನಕ್ಕ, ಕೈಯಲ್ಲಿ ಕಸುವು ಮುಗೀತಾ?” ಎಂದು ನಕ್ಕಳು. ಬಿಗಿಗೆ ಹೆಸರಾದ ಅಕ್ಕ ಇನ್ನೊಂದು ಗಂಟನ್ನೂ ಸಡಿಲಿಸಿದಳು.

ಸಂಜೆ ಕಾಫಿಯ ಹೊತ್ತಿಗೆ ಮರಿ ಬಿತ್ತು. ಬಲೆ ಅದರೊಡನೆ ಕೆಳಗಿಳಿಯಿತು, ತೂಗಿತು, ನಿಂತಿತು. ಮರಿ ಪುಟಿಯಲಿಲ್ಲ. ಎದ್ದು ಕೂತು, ಕೊಕ್ಕು ಕಟಕಟಿಸಿ ನಮ್ಮನ್ನೇ ಗದರಿಸಿತು.

ಅಕ್ಕ ಬೇಲಿಯ ಬಳಿ ಹೋಗಿ ಕೂಗಿದಳು: “ಕಸುವು ಮುಗ್ದಿಲ್ಲ ಕಣಮ್ಮ! ನನ್ ತಮ್ಮನ್ ಮಗ್ಳು ಬುಡ್ಸಿದ್ದು. ಮೇಡಮ್ಮು!”

ಮರುದಿನ ನಾವು ಮದ್ದೂರಿನ ಬಸ್ಸಿಗೆ ಹೊರಟಾಗ, ಪಕ್ಕದ ಮನೆಯಾಕೆ ತನ್ನ ಮರದಡಿಯ ಬಲೆಯ ಗಂಟು ಸಡಿಲಿಸುತ್ತಿದ್ದಳು. ಮಗಳು ಬಸ್ಸು ತಪ್ಪುತ್ತದೆಂದು ಅವಸರಪಡಿಸಿದಳು. ನಾನು ಬೇಕೆಂದೇ ನಿಧಾನವಾಗಿ ನಡೆದೆ.