ದವಾಖಾನೆ ಜಗುಲಿಯಲ್ಲಿ ಒಂದನೇ ದೇಶ

ಕನಕಪುರದ ಬಸ್ಸು ಸಾರಕ್ಕಿ ದಾಟಿದ ಮೇಲೆ ಕೆಟ್ಟು ನಿಂತಿತು. ನಾವು ಮೂವರು ಪ್ರಯಾಣಿಕರು ರಸ್ತೆ ಬದಿಯ ದವಾಖಾನೆಯ ಜಗುಲಿಯಲ್ಲಿ ಕೂತೆವು: ನಾನು, ಲಂಡನ್ನಿನಲ್ಲಿ ಓದಿ ಬಂದ ಮೇಷ್ಟ್ರು, ಸಿಲೋನಿನಲ್ಲಿ ಹೋಟೆಲು ನಡೆಸಿದ್ದ ರುದ್ರಪ್ಪನವರು. ಪಕ್ಕದಲ್ಲಿ ಕೋಣನಕುಂಟೆಯ ಗೌರಮ್ಮ ಜ್ವರದಿಂದ ನಡುಗುತ್ತ ಮಲಗಿದ್ದಳು. ಇಲ್ಲಿ ಕುಡಿಯುವ ಔಷಧಿಗೆ ರೋಗಿಯೇ ಸೀಸೆ ತರಬೇಕು. ಗಂಡ ಮುನಿಯಪ್ಪ ತಂದದ್ದು ಸೀಮೆಎಣ್ಣೆ ನಾರುತ್ತಿದೆಯೆಂದು ಕಾಂಪೌಂಡರು ಹಿಂದಿರುಗಿಸಿದ್ದ. ಬೇರೆಯದನ್ನು ತರಲು ಮುನಿಯಪ್ಪ ಊರಿಗೆ ಓಡಿದ್ದ.

"ದವಾಖಾನೆ ವಿಷಯದಲ್ಲಿ ಇಂಗ್ಲೆಂಡೇ ಫಸ್ಟು ಸ್ವಾಮಿ. ಡಾಕ್ಟರು ಮನೆಗೇ ಬರ್ತಾರೆ, ಫೀಸೇ ಕೇಳಲ್ಲ," ಎಂದರು ಮೇಷ್ಟ್ರು.

"ಎರಡನೇದು ಸಿಲೋನು. ಹೊಟ್ಟೆನೋವು ಅಂತ ಹೋದ್ರೆ ಮಂಚಾನೂ ಕೊಟ್ರು, ಗಂಜೀನೂ ಕೊಟ್ರು," ಎಂದ ರುದ್ರಪ್ಪನವರು ಗೌರಮ್ಮನ ಕಡೆ ತಿರುಗಿದರು. "ಏನಮ್ಮಾ, ನೀನು ಯಾವ ದೇಶಕ್ಕೆ ಫಸ್ಟು ಕೊಡ್ತೀಯ?"

ಅವಳು ಕಣ್ಣು ತೆರೆಯಲಿಲ್ಲ. "ಸೀಸೆ ಅವರೇ ಕೊಡೋ ದೇಶಕ್ಕೆ ಕೊಡಣ್ಣ."

ನಾವು ನಕ್ಕೆವು. ಎದುರಿಗೇ ಶೆಟ್ಟರ ಅಂಗಡಿಯಿತ್ತು. ಎದ್ದು ಹೋಗಿ ಒಂದು ಖಾಲಿ ಸೀಸೆ ಕೇಳಿ ತರಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ಮಾತು ಆಗಲೇ ರಷ್ಯಾ ತಲುಪಿತ್ತು. ಹನ್ನೆರಡಕ್ಕೆ ಕಾಂಪೌಂಡರು ಬೀಗ ಹಾಕಿ ಸೈಕಲ್ಲು ಹತ್ತಿದ. ಸ್ವಲ್ಪ ಹೊತ್ತಿಗೆ ಮುನಿಯಪ್ಪ ತೊಳೆದ ಸೀಸೆ ಹಿಡಿದು ಏದುಸಿರು ಬಿಡುತ್ತ ಬಂದ. ನಮ್ಮ ಬಸ್ಸು ಸರಿಹೋಗಿತ್ತು. ಅದರಲ್ಲೇ ಇಬ್ಬರನ್ನೂ ಊರಿನವರೆಗೆ ಕೂರಿಸಿಕೊಂಡೆವು.

ಮರುವಾರ ನಾನು ಹಿಂತಿರುಗುವಾಗ ಕೋಣನಕುಂಟೆಯಲ್ಲಿ ಮುನಿಯಪ್ಪ ಒಬ್ಬನೇ ಹತ್ತಿದ. ಹೆಂಡತಿ ಹೇಗಿದ್ದಾಳೆಂದು ಕೇಳಿದೆ.

"ಗುರುವಾರ ಮಣ್ಣು ಮಾಡಿದ್ವಿ ಸಾಮಿ," ಎಂದ.