ಮೆಟಡೋರ್ ಮನೆಯ ಹಿಂಬಾಗಿಲು

ಈ ಮಾತು ಹೇಳಲು ನಾನು ಬಹಳ ವರ್ಷ ತಡ ಮಾಡಿದೆ. ಕುದುರೆಮುಖದ ಪ್ರವಾಸದ ಕಥೆಯನ್ನೇನೋ ಮದುವೆ ಮನೆಗಳಲ್ಲಿ ಎಷ್ಟೋ ಸಲ ಹೇಳಿ ಜನರನ್ನು ನಗಿಸಿದ್ದೇನೆ. ಹೇಳಿದಾಗಲೆಲ್ಲ ಒಂದು ತುಣುಕನ್ನು ಮಾತ್ರ ನುಂಗಿಬಿಡುತ್ತಿದ್ದೆ.

ತೊಂಬತ್ತರ ದಶಕದ ಕೊನೆ ಅದು. ಕೊಟ್ಟೂರಿನಲ್ಲಿ ನನ್ನ ದೋಸ್ತನ ಗ್ಯಾರೇಜು ಇತ್ತು. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಗುಜರಿಗೆ ಹೋಗಬೇಕಿದ್ದ ಒಂದು ಮೆಟಡೋರ್ ವ್ಯಾನನ್ನು ತಂದು, ಅದರೊಳಗೆ ಮಡಚುವ ಮಂಚ, ಸ್ಟೌ ಇಡಲು ಕಟ್ಟೆ, ನೀರಿನ ಡ್ರಮ್ಮು, ಕಿಟಕಿಗೆ ಹೂವಿನ ಪರದೆ ಎಲ್ಲ ಹಾಕಿ ಅವನು ಗಾಲಿ ಮೇಲೊಂದು ಮನೆ ಕಟ್ಟಿದ. ಹಿಂಬಾಗಿಲಿಗೆ ತಾನೇ ವೆಲ್ಡಿಂಗ್ ಮಾಡಿದ ದಪ್ಪ ಕಬ್ಬಿಣದ ಚಿಲಕ.

ಗಾಡಿ ಮನಸ್ಸಿಗೆ ಬಂದರೆ ಇಂಥವೇ ಇನ್ನೆರಡು ಕಟ್ಟಿಸಿ ಪ್ರವಾಸಕ್ಕೆ ಬಾಡಿಗೆ ಬಿಡುವುದಾಗಿ ಜವಳಿ ಅಂಗಡಿಯ ನನ್ನ ಸೋದರಮಾವ ಹೇಳಿದ್ದರು. ಟ್ರ್ಯಾಕ್ಟರ್ ರಿಪೇರಿಯಲ್ಲೇ ಕೈ ಸವೆಸಿದ್ದ ದೋಸ್ತ ಆ ಮಾತು ಕೇಳಿದಂದಿನಿಂದ ಹಿಗ್ಗಿ ಓಡಾಡುತ್ತಿದ್ದ. ಗಾಡಿಯ ಪರೀಕ್ಷೆಗೆಂದೇ ಮಾವ, ನಾನು, ನನ್ನ ಹೆಂಡತಿ ಹೊರಟೆವು. ಸ್ಟಿಯರಿಂಗ್ ಅವನದು.

"ಚಪ್ಪಲಿ ಹೊರಗ ಬಿಡಲೇ. ಇದು ಗಾಡಿ ಅಲ್ಲ, ಮನಿ" ಎಂದ ದೋಸ್ತ.

"ಮನಿಗಿ ಹಾರ್ನ್ ಯಾಕೈತಿ?" ಎಂದೆ.

"ನಿನ್ನಂಥವ್ರು ಅಡ್ಡ ಬರ್ತಾರಲ್ಲ, ಅದಕ್ಕ."

ಹರಪನಹಳ್ಳಿ ದಾಟುವಷ್ಟರಲ್ಲಿ ಮಾವ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದರು. ಅದನ್ನು ಕನ್ನಡಿಯಲ್ಲಿ ನೋಡಿ ದೋಸ್ತ ನನಗೆ ಕಣ್ಣು ಮಿಟುಕಿಸಿದ. ಅರ್ಧ ಪರೀಕ್ಷೆ ಅಲ್ಲೇ ಪಾಸಾಗಿತ್ತು.

ಕುದುರೆಮುಖದ ಕಾಡಿನೊಳಗೆ ಹುಲ್ಲುಗುಡ್ಡದ ಮೇಲೆ ಕಾಡುಕೋಣಗಳ ಹಿಂಡು ಮೇಯುತ್ತಿತ್ತು. "ಕಾಲಿಗಿ ಬಿಳಿ ಸಾಕ್ಸ್ ಹಾಕ್ಕೊಂಡಾವ ನೋಡ್ರಿ, ಸಾಲಿಗಿ ಹೊಂಟಂಗ" ಎಂದಳು ನನ್ನ ಹೆಂಡತಿ. ಮರದ ಮೇಲೆ ಬೆಕ್ಕಿನಷ್ಟು ದೊಡ್ಡ ಕೆಂಪಳಿಲು ಕಂಡಾಗ ಮಾವ ಸಣ್ಣ ಮಕ್ಕಳಂತೆ ಕಿಟಕಿಗೆ ಮೂಗು ಒತ್ತಿ ಕುಳಿತರು.

ಜಲಪಾತಕ್ಕೆ ಮೆಟ್ಟಿಲು ಇಳಿದು ಹೋಗಬೇಕು. ಎಲ್ಲರೂ ಇಳಿಯತೊಡಗಿದರು. ಟವೆಲ್ ಮರೆತ ನಾನೊಬ್ಬ ಗಾಡಿಗೆ ಮರಳಿದೆ. ಹಿಂಬಾಗಿಲು ತೆಗೆದು ಟವೆಲ್ ಹೆಗಲಿಗೆ ಹಾಕಿಕೊಂಡು ತಿರುಗಿದರೆ, ಹೊರಗೆ ಮರಿಯನ್ನು ಅವಚಿಕೊಂಡ ಒಂದು ಕೋತಿ ಕುಳಿತಿತ್ತು. ನಮ್ಮ ಮನೆಯಲ್ಲಿ ಬಾಗಿಲಿಗೆ ಬಂದ ಹಸುವಿಗೆ ರೊಟ್ಟಿ ಕೊಟ್ಟೇ ಊಟಕ್ಕೆ ಕೂರುವುದು ರೂಢಿ. ತಿನ್ನಲು ಕೊಡಬಾರದೆಂಬ ಫಲಕ ಎದುರಿಗೇ ಇತ್ತು. ಆದರೂ ಕೈ ತಾನಾಗಿ ಬುತ್ತಿಯ ಗಂಟು ಬಿಚ್ಚಿ ಖಡಕ್ ರೊಟ್ಟಿಯೊಂದನ್ನು ನೀಡಿತು. ಕೋತಿ ಬೀಗರಂತೆ ಗತ್ತಿನಿಂದ ಕುಳಿತು ಕಟಕಟ ಕಡಿಯಿತು. ಅಷ್ಟರಲ್ಲಿ ಕೆಳಗಿನಿಂದ ಕೂಗಿದರು. ಬಾಗಿಲನ್ನು ದೂಡಿ ಓಡಿದೆ.

ಅಲ್ಲಿ ಮಾವ ಧೋತರ ಮೇಲೆ ಕಟ್ಟಿ ನೀರಿಗೆ ತಲೆಕೊಟ್ಟು ನಿಂತಿದ್ದರು. "ನಮ್ಮೂರ ಟ್ಯಾಂಕರ್ ಇಲ್ಲೇ ತಂದು ನಿಂದ್ರಸ್ರಲೇ" ಎಂದು ಕೂಗುತ್ತಿದ್ದರು. ಅವರನ್ನು ಈಚೆಗೆ ಎಳೆಯುವುದೇ ಕಷ್ಟವಾಯಿತು.

ಮೇಲೆ ಬಂದರೆ ಮನೆ ತುಂಬ ನೆಂಟರು. ಮಂಚದ ಮೇಲೆರಡು ಕೋತಿ, ಪರದೆ ಹೊದ್ದುಕೊಂಡದ್ದೊಂದು, ಶೇಂಗಾ ಚಟ್ನಿಪುಡಿಗೆ ಮುಖವಿಟ್ಟು ಸೀನುತ್ತಿದ್ದದ್ದೊಂದು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಮಾವ ಹರಿದ ಹಾಸಿಗೆ ನೋಡಿದರು.

"ಏನಪಾ ಮಿಸ್ತ್ರಿ, ಮಂಗ್ಯಾ ತೆಗಿಯೋ ಚಿಲಕ ಮಾಡೀಯಲ್ಲೋ."

"ನಾ ಮಾಡಿದ್ ಚಿಲಕ ಹಂಗ ಬಿಚ್ಚಂಗಿಲ್ರಿ ಸಾವ್ಕಾರ್ರ" ಎಂದು ದೋಸ್ತ ನನ್ನತ್ತ ತಿರುಗಿದ. "ಕಡೀಕ ಬಂದವ ನೀನ. ಹಾಕಿದ್ಯೋ ಇಲ್ಲೋ?"

"ಹಾಕಿದ್ನೆಪಾ" ಎಂದೆ.

ಅವನು ಚಿಲಕವನ್ನು ಹಾಕಿ, ತೆಗೆದು, ಬಾಗಿಲು ಜಗ್ಗಿ ನೋಡುತ್ತ ನಿಂತ. ರೊಟ್ಟಿ ಗಂಟು ಖಾಲಿಯಾಗಿತ್ತು. ಹೋಟೆಲಿನಲ್ಲಿ ನೀರುದೋಸೆ ತಿನ್ನುವಾಗ ಎಲ್ಲರನ್ನೂ ನಗಿಸಿದವನೂ ಅವನೇ. ಊರಿಗೆ ಬಂದ ಮೇಲೆ ಮಾವ ಗಾಡಿಯ ಮಾತು ಎತ್ತಲಿಲ್ಲ. ಕೆಲವು ತಿಂಗಳಲ್ಲಿ ಮಂಚ ಬಿಚ್ಚಿದ ಆ ಮೆಟಡೋರ್ ತಂಬ್ರಹಳ್ಳಿ ಕಡೆ ಈರುಳ್ಳಿ ಹೊರುತ್ತಿತ್ತು.

ಮಾವ ಈಗಿಲ್ಲ. ಹೆಂಡತಿಗೆ ನಿಜ ಹೇಳಿದ್ದೇನೆ. "ನನಗ ಹೇಳಿ ಏನು ಬಂತ್ರಿ?" ಎಂದಳು. ದೋಸ್ತ ಇದ್ದಾನೆ, ಗ್ಯಾರೇಜನ್ನು ಮಗ ನೋಡಿಕೊಳ್ಳುತ್ತಾನೆ. ಚಹಾ ಕುಡಿಯುತ್ತ ಕುಳಿತಾಗ ಇವತ್ತಿಗೂ ಒಮ್ಮೊಮ್ಮೆ ಕೇಳುತ್ತಾನೆ, "ಅವತ್ತು ಆ ಚಿಲಕ ಹೆಂಗ ಬಿಚ್ಚಿತಲೇ?"

ಅದು ಬಿಚ್ಚಲಿಲ್ಲ. ನಾನು ಹಾಕಿರಲೇ ಇಲ್ಲ. ಇದನ್ನು ಹೇಳಿ ತಪ್ಪಾಯಿತೆಂದು ನಾನು ಕೇಳಿಕೊಳ್ಳಬೇಕಾದದ್ದು, ಇನ್ನೂ ಕೇಳಿಕೊಳ್ಳದೆ ಇರುವುದು ಅವನೊಬ್ಬನ ಹತ್ತಿರ, ಆ ಚಿಲಕ ಮಾಡಿದ ನನ್ನ ಬೆಂಚಿನ ದೋಸ್ತನ ಹತ್ತಿರ.